ಅಬ್ಬೆಯ ಬಕ್ಕೆ ಹಲಸಿನ ಬೇರು

ಬಂಟ್ವಾಳ ಹೊಡೆಲಿಪ್ಪ ಎನ್ನ ಅಪ್ಪನ ಮನೆ ಜಾಲಿನ ಕರೆಲಿ ಒಂದು ಬಕ್ಕೆ ಹಲಸಿನ ಮರ ಇತ್ತು. ಹಪ್ಪಳಕ್ಕೂ ಅಕ್ಕು, ತಿಂಬಲೂ ಅಕ್ಕು. ಅಬ್ಬೆ ಹೋಗಿ ಮೂರು ವರ್ಷ ಆತು. ಕಳುದ ಮಳೆಗಾಲದ ಗಾಳಿಗೆ ಮರವೂ ಬಿದ್ದತ್ತು.

ಬೇಸಗೆಲಿ ಅಲ್ಲಿಂದ ತಂದ ಹಣ್ಣಿನ ಬೇಳೆಗೆ, ಅಬ್ಬೆ ಮಾಡಿಯೊಂಡಿದ್ದ ಹಾಂಗೆ, ಕೆಂಪು ಮಣ್ಣು ಮೆತ್ತಿ ಮಡುಗಿತ್ತಿದ್ದೆ, ಆಟಿ ತಿಂಗಳಿಲಿ ಬೆಂದಿಗೆ ಅಕ್ಕು ಹೇಳಿ. ಮರ ಬಿದ್ದ ಸುದ್ದಿ ಬಪ್ಪಗ ಒಳುದ್ದದು ಹನ್ನೊಂದೇ ಬೇಳೆ. ಮೂಡಬಿದ್ರೆ ಹತ್ತರಾಣ ಎಂಗಳ ಮನೆಲಿ ಅಷ್ಟನ್ನೂ ತೊಟ್ಟೆಲಿ ಹಾಕಿದೆ. ಆರು ಹುಟ್ಟಿತ್ತು.

ಎನ್ನ ತಪ್ಪು ಮತ್ತಾಣದ್ದು. ಬೇರು ಹೇಂಗೆ ಬೈಂದು ಹೇಳಿ ನೋಡ್ಲೆ ಆತುರ. ಎರಡರ ಎಳದು ನೋಡಿದೆ. ಬೆಳಿ ಬೇರಿನ ಕೊಡಿ ಟಕ್ಕನೆ ಮುರುದತ್ತು. ಪುನಾ ಊರಿ ನೀರು ಹಾಕಿದೆ. ಮೂರೇ ದಿನಲ್ಲಿ ಎರಡೂ ಬಾಡಿತ್ತು.

ಮಗಳು ಪಿಯುಸಿಲಿ ಸಯನ್ಸು. "ಎಂತಮ್ಮ, ಅದರ ತಲೆಯನ್ನೇ ಮುರುದೆಯನ್ನೆ!" ಹೇಳಿ ಬೈದತ್ತು. ಮತ್ತೆ ಮೊಳಕೆ ಬಂದ ಹಸರುಕಾಳು, ಒಂದು ಲೆನ್ಸು ಹಿಡ್ಕೊಂಡು ಎನ್ನ ಕೂರ್ಸಿ ತೋರ್ಸಿತ್ತು.

ಬೇರಿನ ಕೊಡಿಗೆ ಒಂದು ಟೊಪ್ಪಿ ಇದ್ದು. ಮಣ್ಣಿನ ಒಳ ನುಗ್ಗುವಗ ಅದರ ಹೆರಾಣ ಜೀವಕೋಶಂಗೊ ತಿಕ್ಕಿ ಉದುರ್ತು, ಒಳಂದ ಹೊಸತ್ತು ಬತ್ತು. ಜಾರುಲೆ ಲೋಳೆಯೂ ಬಿಡ್ತು. ಈ ಟೊಪ್ಪಿಯ ಬರೀ ಕಣ್ಣಿಲಿ ನೋಡೆಕ್ಕಾರೆ ಮೂಡೆಗೆ ಎಲೆ ತಪ್ಪಲೆ ಹೋಪಗ ಕೇದಗೆಯ ನೇಲುವ ಬೇರಿನ ಕೊಡಿ ನೋಡಿ, ದೊಡ್ಡಕೆ ಕಾಣ್ತು. ಟೊಪ್ಪಿಯ ಒಳ ಪಿಷ್ಟದ ಸಣ್ಣ ಸಣ್ಣ ಹರಳುಗೊ ಇದ್ದು, ಭಾರಕ್ಕೆ ಅಡಿಲಿ ಕೂರ್ತು. ಕೆಳ ಯೇವ ಹೊಡೆ ಹೇಳಿ ಬೇರಿಂಗೆ ಗೊಂತಪ್ಪದು ಹಾಂಗೆ. ಬೇಳೆಯ ಹೇಂಗೆ ತಿರುಗಿಸಿ ಹಾಕಿರೂ ಬೇರು ಕೆಳಂಗೇ ಹೋಪದು ಅದಕ್ಕೇ. 1880ರಲ್ಲಿ ಡಾರ್ವಿನ್, ಮಗ° ಫ್ರಾನ್ಸಿಸ್‌ನ ಒಟ್ಟಿಂಗೆ ಬರದ ಪುಸ್ತಕಲ್ಲಿ ಈ ಕೊಡಿಯ ಸಣ್ಣ ಪ್ರಾಣಿಗಳ ಮೆದುಳಿಂಗೆ ಹೋಲ್ಸಿದ್ದ°ಡ.

ಟೊಪ್ಪಿಯ ಹಿಂದೆಯೇ ಜೀವಕೋಶ ಒಂದು ಎರಡಪ್ಪ ಜಾಗೆ. ಅದರ ಹಿಂದೆ ಅದು ಉದ್ದ ಅಪ್ಪ ಜಾಗೆ; ಕೊಡಿಯ ಮುಂದೆ ನೂಕುದು ಅದುವೇ. ಅದರಿಂದಲೂ ಹಿಂದೆ ಬೇರಿನ ರೋಮ. ನೀರು ಹೆಚ್ಚು ಕುಡಿವದು ಈ ರೋಮಂಗೊ, ಕೊಡಿ ಅಲ್ಲ. ಒಂದೊಂದು ರೋಮವೂ ಒಂದೇ ಜೀವಕೋಶದ್ದು. ಆನು ಎಳದಪ್ಪಗ ಅದೆಲ್ಲ ಮಣ್ಣಿಲೇ ಹರುದು ಬಾಕಿ. ಮತ್ತೆ ಕೊಡಪಾನ ಗಟ್ಲೆ ನೀರು ಹಾಕಿ ಎಂತ ಪ್ರಯೋಜನ!

ಅತ್ತೆಯ ಅಪ್ಪನ ಮನೆ ಬೆಳ್ತಂಗಡಿ ಹೊಡೆ. "ಹಲಸಿನ ಬೇಳೆಯ ಮರ ಆಯೆಕ್ಕಾದ ಜಾಗೆಲೇ ಹಾಕೆಕ್ಕು, ತಾಯಿಬೇರಿಂಗೆ ಪೆಟ್ಟಪ್ಪಲಾಗ" ಹೇಳಿ ಅವು ಸುರೂವಿಂಗೇ ಹೇಳಿತ್ತಿದ್ದವು. ಆನು ಕೆಮಿಗೆ ಹಾಕಿಯೊಂಡಿದಿಲ್ಲೆ.

ಒಳುದ ನಾಲ್ಕರ, ಬೇರು ತೊಟ್ಟೆಯ ಅಡಿಲಿ ಸುತ್ತುಲೆ ಸುರು ಮಾಡುವ ಮದಲೇ, ಹೊತ್ತೋಪಗ ನೆಟ್ಟೆಯೊ°. ಅತ್ತೆ ಬ್ಲೇಡಿಲಿ ತೊಟ್ಟೆ ಕೊರದವು, ಆನು ಮಣ್ಣು ಒಡೆಯದ್ದ ಹಾಂಗೆ ಎರಡು ಕೈಲಿ ಹಿಡುದು ಗುಂಡಿಗೆ ಇಳುಸಿದೆ. ಬೆಶಿಲಿಂಗೆ ಮಡಲು ಕುತ್ತಿತ್ತು. ಒಂದರ ಕಂಜಿ ತಿಂದತ್ತು. ಮೂರು ಚಿಗುರಿದ್ದು.

ಓ ಮೊನ್ನೆ ಮಗಳು ಮೆಲ್ಲಂಗೆ ಹೇಳಿತ್ತು: ಬೇಳೆಂದ ಆದ ಮರಲ್ಲಿ ಅಜ್ಜಿಯ ಮರದ ಹಾಂಗಿಪ್ಪ ಹಣ್ಣೇ ಅಕ್ಕು ಹೇಳಿ ಇಲ್ಲೆ, ತುಳುವ ಆದರೂ ಆತು, ಅದೇ ರುಚಿ ಬೇಕಾರೆ ಆ ಮರದ ಗೆಲ್ಲಿಂದಲೇ ಕಸಿ ಕಟ್ಟೆಕ್ಕು. ಮರ ಎಲ್ಲಿದ್ದು ಈಗ? ಗೆಲ್ಲೆಲ್ಲ ಒಲಗೆ ಹೋತು.

ಅಕ್ಕಂದ್ರೇ, ಅಬ್ಬೆ ಇಪ್ಪಗ ನಮ್ಮ ನೆಂಟ್ರು, ನೆರೆಕರೆಯೋರು ಆರಾರು ಆ ಮರದ ಗೆಲ್ಲು ತೆಕ್ಕೊಂಡು ಹೋಗಿ ಕಸಿ ಕಟ್ಟಿದ್ದರೆ ಎನಗೊಂದು ಫೋನು ಮಾಡಿ, ಆತೋ?