ಕೂದಲಿನಿಂದ ಮೈಗಿಳಿದ ಗೆರೆ

ಚಿತ್ರಕಾರ ಆಲ್ಫೋನ್ಸ್ ಮೂಖಾ ಬರೆದ ಹೆಂಗಸರ ಕೂದಲು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದು ಹೆಗಲ ಮೇಲೆ ಸುಮ್ಮನೆ ಇಳಿಬೀಳುವ ಕೂದಲಲ್ಲ. ಮೇಲೇಳುತ್ತದೆ, ಸುರುಳಿ ಸುತ್ತುತ್ತದೆ, ಗಾಳಿಯೇ ಇಲ್ಲದ ಕಡೆ ಹಾರಾಡುತ್ತದೆ. ಸಿಗರೇಟು ಸುತ್ತುವ ಕಾಗದ ಮಾರುತ್ತಿದ್ದ ಜಾಬ್ ಕಂಪನಿಗೆಂದು 1896ರಲ್ಲಿ ಅವನು ಮಾಡಿದ ಪೋಸ್ಟರನ್ನೇ ನೋಡಿ. ಕಣ್ಣು ಅರೆಮುಚ್ಚಿ, ಕೈಯಲ್ಲಿ ಸಿಗರೇಟು ಹಿಡಿದು, ತನ್ನ ಸುಖದಲ್ಲಿ ತಾನಿರುವ ಒಬ್ಬಾಕೆ. ಕಂಪನಿಯ ಹೆಸರನ್ನೇ ಆಕೆಯ ತಲೆ ಒಂದಿಷ್ಟು ಮರೆಮಾಡಿದೆ. ಇದರ ಅಚ್ಚಿನ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲ್ ಆಡಿಸುತ್ತ ಹೋದರೆ ಹೊಗೆಯ ಎಳೆಯಿಂದ ಕೂದಲಿಗೆ, ಕೂದಲಿಂದ ಬಟ್ಟೆಯ ನೆರಿಗೆಗೆ ಕೈ ತಾನಾಗಿ ಜಾರುತ್ತದೆ.

ಈ ಬಳುಕು ಗೆರೆ ಮೂಖಾನ ಸ್ವಂತ ಸೊತ್ತೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಊರೂರಲ್ಲಿ ಬಳ್ಳಿ ಹಬ್ಬಿದಂತೆ ಹಬ್ಬಿದ ಅಲಂಕಾರಕಲೆ ಅದು. 1895ರಲ್ಲಿ ಸೀಗ್‌ಫ್ರೀಡ್ ಬಿಂಗ್ ಎಂಬ ವ್ಯಾಪಾರಿ ಪ್ಯಾರಿಸಿನಲ್ಲಿ ತೆರೆದ ಅಂಗಡಿಯಿಂದ ಅದಕ್ಕೆ ಆರ್ಟ್ ನುವೊ ಎಂಬ ಹೆಸರು ನಿಂತಿತು. ಬ್ರಸೆಲ್ಸಿನಲ್ಲಿ ವಿಕ್ಟರ್ ಓರ್ಟಾ ಕಟ್ಟಿದ ಮನೆಗಳ ಮೆಟ್ಟಿಲಿನ ಕಂಬಿ, ಪ್ಯಾರಿಸ್ ಮೆಟ್ರೋದ ಬಾಗಿಲಿಗೆ ಹೆಕ್ಟರ್ ಗಿಮಾರ್ ಎರಕ ಹೊಯ್ಯಿಸಿದ ಹಸಿರು ಕಬ್ಬಿಣದ ಕಾಂಡಗಳು, ದೀಪ, ಕುರ್ಚಿ, ಬಾಚಣಿಗೆ ಎಲ್ಲೆಲ್ಲೂ ಅದೇ ಗೆರೆ. ಜಪಾನಿನ ಮರದಚ್ಚಿನ ಚಿತ್ರಗಳಿಂದ ಆ ಕಲಾವಿದರು ಬಹಳ ಕಲಿತಿದ್ದರು: ದಪ್ಪ ಹೊರಗೆರೆ, ಒಳಗೆ ನೆರಳಿಲ್ಲದ ಸಪಾಟು ಬಣ್ಣ. ಬೀದಿಯ ಗೋಡೆಗೆ ಹಚ್ಚುವ ಚಿತ್ರಕ್ಕೆ ಇದಕ್ಕಿಂತ ಹೊಂದುವ ರೀತಿ ಬೇರೊಂದಿರಲಿಲ್ಲ.

ಮೂಖಾನಿಗೆ ಭಾಗ್ಯ ಖುಲಾಯಿಸಿದ್ದು 1894ರ ಕ್ರಿಸ್ಮಸ್ ಹೊತ್ತಿಗೆ. ರಂಗಭೂಮಿಯ ರಾಣಿಯಂತಿದ್ದ ಸಾರಾ ಬರ್ನಾರ್ಡ್‌ಗೆ ‘ಜಿಸ್ಮೊಂಡಾ’ ನಾಟಕಕ್ಕೆ ತುರ್ತಾಗಿ ಪೋಸ್ಟರ್ ಬೇಕಿತ್ತು. ಮುದ್ರಣಾಲಯದಲ್ಲಿ ಸಿಕ್ಕವನು ಮೊರಾವಿಯಾದಿಂದ ಬಂದ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಈ ಚಿತ್ರಕಾರ. ಹೊಸ ವರ್ಷದ ದಿನ ಪ್ಯಾರಿಸಿನ ಗೋಡೆಗಳ ಮೇಲೆ ಏಳಡಿ ಎತ್ತರದ ಆಕೆ ನಿಂತಿದ್ದಳು: ಮೈತುಂಬ ಜರಿಯ ನಿಲುವಂಗಿ, ಕೈಯಲ್ಲಿ ತಾಳೆಗರಿ, ತಲೆಯ ಹಿಂದೆ ದೇವತೆಗಳಿಗಿರುವಂಥ ಪ್ರಭಾವಳಿ. ಬರ್ನಾರ್ಡ್‌ಗೆ ಆಗ ಐವತ್ತು ವರ್ಷ. ಐವತ್ತರ ಹೆಂಗಸನ್ನು, ಕೈಮುಖಗಳ ಹೊರತು ಮೈಯೇನೂ ತೋರಿಸದೆ, ಒಂದು ಊರೇ ಮೋಹಗೊಳ್ಳುವಂತೆ ಬರೆದದ್ದು ಸಣ್ಣ ಮಾತಲ್ಲ. ಆಕೆ ಅವನೊಂದಿಗೆ ಆರು ವರ್ಷಗಳ ಕರಾರು ಮಾಡಿಕೊಂಡಳು.

ಇವೆಲ್ಲ ಕಲ್ಲಚ್ಚಿನ ಕೃಪೆ. ನುಣುಪು ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಬಣ್ಣಕ್ಕೊಂದು ಕಲ್ಲಿನಂತೆ ಒಂದರ ಮೇಲೊಂದು ಒತ್ತಿ ತೆಗೆಯುವ ವಿದ್ಯೆ. ಅದೇ 1894ರಲ್ಲಿ ಮುಂಬೈಯಲ್ಲಿ ರಾಜಾ ರವಿವರ್ಮನ ಮುದ್ರಣಾಲಯ ಇದೇ ವಿದ್ಯೆಯಿಂದ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚು ಹಾಕಲು ಹೊರಟಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳ ಮುಂದೆ ನಿಂತಾಗಲೆಲ್ಲ ಈ ಹೊಂದಿಕೆ ನೆನಪಾಗುತ್ತದೆ. ಅಲ್ಲಿ ಬೀದಿಗೋಡೆಯ ನಟಿಗೆ ಪ್ರಭಾವಳಿ ಬಂತು, ಇಲ್ಲಿ ದೇವಿಯರು ಬಡವರ ಮನೆಯ ಗೋಡೆಗೂ ಇಳಿದು ಬಂದರು.

ಮೂಖಾನ ಗೆರೆ ಮುಂದೆ ಹಿಡಿದ ದಾರಿ ಬೇರೆ. ವಿಯೆನ್ನಾದಲ್ಲಿ ಹುಟ್ಟಿದ ರಾಫೆಲ್ ಕಿರ್ಕ್ನರ್ ಅದನ್ನು ಪೋಸ್ಟ್‌ಕಾರ್ಡಿನ ಅಳತೆಗೆ ತಂದ. ಮೊದಮೊದಲ ಕಾರ್ಡುಗಳಲ್ಲಿ ಹೂವು, ಬಳ್ಳಿ, ಅಲಂಕಾರದ ಅಂಚು ಎಲ್ಲವೂ ಇದ್ದವು. ಬರಬರುತ್ತ ಅವು ಉದುರಿದವು, ತುಂಟ ನೋಟದ ಹುಡುಗಿಯರಷ್ಟೇ ಉಳಿದರು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸಿಪಾಯಿಗಳು ಆ ಹುಡುಗಿಯರ ಚಿತ್ರಗಳನ್ನು ಗೋಡೆಗೆ ಸಿಕ್ಕಿಸಿಕೊಂಡಿದ್ದರು. ಅದೇ ಕಿರ್ಕ್ನರ್‌ನ ಚಿತ್ರಗಳನ್ನು ಪ್ಯಾರಿಸಿನ ಪತ್ರಿಕೆಯಲ್ಲಿ ಕಂಡು ಮನಸೋತ ಪೆರು ದೇಶದ ಹುಡುಗ ಆಲ್ಬರ್ಟೊ ವಾರ್ಗಾಸ್ ಯುದ್ಧದ ಗಲಾಟೆಯಲ್ಲಿ 1916ರಲ್ಲಿ ನ್ಯೂಯಾರ್ಕ್ ಸೇರಿದ. ಜೀಗ್‌ಫೆಲ್ಡ್‌ನ ನಾಟ್ಯಮಂಡಳಿಗೆ ಚಿತ್ರ ಬರೆದ. 1940ರಿಂದ ಎಸ್ಕ್ವೈರ್ ಪತ್ರಿಕೆಯಲ್ಲಿ ಬಂದ ಅವನ ಸುಂದರಿಯರನ್ನು ನಕಲು ಮಾಡಿ ಅಮೆರಿಕದ ಬಾಂಬರ್ ವಿಮಾನಗಳ ಮೂತಿಯ ಮೇಲೆ ಬರೆದರು.

ವಾರ್ಗಾಸ್‌ನ ಚಿತ್ರದ ಮೇಲೂ ತೆಳುಕಾಗದ ಇಟ್ಟು ನೋಡಿದ್ದೇನೆ. ಹಿಂದೆ ಬಳ್ಳಿಯಿಲ್ಲ, ಪ್ರಭಾವಳಿಯಿಲ್ಲ, ಗೋಡೆಯೂ ಇಲ್ಲ, ಬರೀ ಬಿಳಿ ಕಾಗದ. ಆದರೆ ಪೆನ್ಸಿಲಿಗೆ ಅದೇ ಓಟ ಸಿಗುತ್ತದೆ. ಕತ್ತಿನಿಂದ ಬೆನ್ನಿಗೆ, ಬೆನ್ನಿಂದ ಸೊಂಟಕ್ಕೆ, ತೊಡೆಯುದ್ದಕ್ಕೂ ಹರಿದು ಕಾಲಿನ ತುದಿಯವರೆಗೆ ಎಲ್ಲೂ ಮುರಿಯದ ಒಂದೇ ಗೆರೆ. ಸುತ್ತಲ ಅಲಂಕಾರವನ್ನೆಲ್ಲ ಕಿತ್ತೆಸೆದ ಮೇಲೆ ಅಲಂಕಾರದ ಹೊರೆಯೆಲ್ಲ ಹೆಣ್ಣಿನ ಮೈ ಮೇಲೆ ಬಿತ್ತು. ಹಾಗಾಗಿಯೇ ಆ ಕಾಲುಗಳು ನಿಜವಾದ ಕಾಲುಗಳಿಗಿಂತ ಉದ್ದ, ಆ ಸೊಂಟ ಯಾವ ಸೊಂಟಕ್ಕಿಂತಲೂ ಸಣ್ಣ. ಏರ್‌ಬ್ರಷ್ಷಿನ ಮಂಜು ಚರ್ಮದ ಮೇಲಿನ ಕಲೆ, ಸುಕ್ಕುಗಳನ್ನೆಲ್ಲ ನುಂಗಿದೆ.

ಮೂಖಾನ ಹೆಂಗಸಂತೂ ಮರೆಯಾಗಲಿಲ್ಲ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪೋಸ್ಟರ್ ಕಲಾವಿದರಾದ ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ ಜಾಬ್ ಪೋಸ್ಟರಿನ ಹೆಂಗಸನ್ನು ಹಾಗೇ ಎತ್ತಿ ಸಂಗೀತ ಕಛೇರಿಯೊಂದರ ಜಾಹೀರಾತಿಗೆ ಹಾಕಿಕೊಂಡರು. ಎಪ್ಪತ್ತು ವರ್ಷಗಳ ಮೇಲೂ ಆಕೆ ಹಳಬಳಾಗಿರಲಿಲ್ಲ.

ವಾರ್ಗಾಸ್‌ನ ಕೈ ಪಳಗಿದ ಕೈ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವನ ಸುಂದರಿಗೆ ನೋಡುವವನನ್ನು ಮೆಚ್ಚಿಸುವ ಕೆಲಸ ಬಿಟ್ಟರೆ ಬೇರೆ ಕೆಲಸವಿಲ್ಲ. ಮೂಖಾನ ಹೆಂಗಸಿಗೆ ತನ್ನದೊಂದು ಲೋಕವಿತ್ತು. ನನ್ನ ಮಟ್ಟಿಗೆ ಮೂಖಾನೇ ದೊಡ್ಡವನು.