ಹಳದಿ ಗಿಡ, ಹಸಿರು ಗಿಡ

ಏಪ್ರಿಲ್ 3

ಹೂಮಳೆಯಾದ ಮೇಲೆ ಕಾಫಿ ನಡುವಿನ ಕಿತ್ತಳೆಗಳೆಲ್ಲ ಚಿಗುರಿವೆ. ಕೆರೆ ಬದಿಯ ಹಳೇ ಗಿಡಕ್ಕೆ ಮಾತ್ರ ಹಳದಿ ಹಿಡಿದಿದೆ. ಎಲೆಯ ನಡುನರದ ಆಚೆ ಒಂದು ಥರದ ಮಚ್ಚೆ, ಈಚೆ ಇನ್ನೊಂದು ಥರ. ಸತುವಿನ ಕೊರತೆಯಾಗಿದ್ದರೆ ಎರಡೂ ಕಡೆ ಒಂದೇ ಸಮ ಇರುತ್ತಿತ್ತು. ಇದು ಗ್ರೀನಿಂಗ್ ರೋಗವೇ. ಹೋದ ಫಸಲಿನ ಹಣ್ಣೂ ಸೊಟ್ಟ, ತುದಿ ಹಸಿರು, ಒಳಗೆ ಜೊಳ್ಳು ಬೀಜ.

ಚಿಗುರಿಗೆ ಭೂತಗನ್ನಡಿ ಹಿಡಿದೆ. ಈ ರೋಗ ಹರಡುವ ಸಿಲ್ಲಾ ಹುಳಗಳು, ಮೂರು ಮಿಲಿಮೀಟರ್ ಇದ್ದಾವು, ತಲೆ ತಗ್ಗಿಸಿ ಹಿಂಭಾಗ ಎತ್ತಿ ಕೂತಿದ್ದವು. ಮರಿಗಳ ಹಿಂದೆ ಬಿಳೀ ಮೇಣದ ಎಳೆ. ಅಡುಗೆಮನೆ ಹಿಂದಿನ ಕರಿಬೇವಿನಲ್ಲೂ ಇವೇ.

ಏಪ್ರಿಲ್ 5

ಕರೆಂಟು ಬಂದ ಮೇಲೆ ಓದಿದೆ. ಫ್ಲಾರಿಡಾದಲ್ಲಿ ಈ ರೋಗ ಕಂಡದ್ದು 2005ರಲ್ಲಿ. 2012ರಲ್ಲಿ ಅಲ್ಲಿನ ವಿಜ್ಞಾನಿಗಳು ಪ್ರಕಟಿಸಿದ್ದು ಹೀಗೆ: ಗಿಡದ ಆಹಾರನಾಳದಲ್ಲಿ ಈ ರೋಗದ ಬ್ಯಾಕ್ಟೀರಿಯಾ ಸೇರಿದರೆ ಎಲೆಯಿಂದ ಮೀಥೈಲ್ ಸ್ಯಾಲಿಸಿಲೇಟ್ ಹೆಚ್ಚಾಗಿ ಹೊರಡುತ್ತದೆ. ಮಂಡಿನೋವಿಗೆ ತಿಕ್ಕುವ ಮುಲಾಮಿನ ವಾಸನೆಯೂ ಅದರದ್ದೇ. ಆ ವಾಸನೆಗೆ ಸಿಲ್ಲಾ ಮೊದಲು ರೋಗದ ಗಿಡಕ್ಕೇ ಬರುತ್ತದೆ. ಆದರೆ ಅಲ್ಲಿ ನಿಲ್ಲುವುದಿಲ್ಲ, ಆಮೇಲೆ ಹೋಗಿ ನೆಲೆಸುವುದು ಆರೋಗ್ಯದ ಗಿಡದಲ್ಲಿ. ರೋಗದ ಗಿಡದಲ್ಲಿ ಪೋಷಕಾಂಶ ಕಡಿಮೆಯಾಗಿರುವುದೇ ಕಾರಣವಿರಬಹುದು ಎಂದು ಅವರ ಊಹೆ. ಹೀರಿಕೊಂಡ ರೋಗಾಣು ಮಾತ್ರ ಹುಳದ ಜೊತೆಗೇ ಹೋಗುತ್ತದೆ.

ಬ್ಯಾಕ್ಟೀರಿಯಾ ಹುಳವನ್ನು ಕುಣಿಸುತ್ತದೆ ಅಂದುಬಿಡುವುದು ಸುಲಭ. ಅದಕ್ಕೇನು ತಲೆಯಿದೆಯೇ, ಉಪಾಯ ಹೂಡಲು? ಹೀಗೆ ಹರಡಲು ಒದಗಿದ ತಳಿಗಳು ಉಳಿದವು, ಅಷ್ಟೆ. ಆದರೂ ಗಿಡ ತನ್ನ ರಕ್ಷಣೆಗೆ ಬಳಸುವ ವಾಸನೆಯೇ ರೋಗ ಹೊರುವ ಹುಳಕ್ಕೆ ಕರೆಯೋಲೆಯಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಏಪ್ರಿಲ್ 8

ಚಿಕ್ಕಪ್ಪನಿಗೆ ಗಿಡ ಕಡಿಯಲು ಮನಸ್ಸಿಲ್ಲ. "ಹಳದಿ ಗಿಡದಲ್ಲಿ ಈಗ ಹುಳ ಎಲ್ಲಿದೆಯೋ? ಇರಲಿ ಬಿಡು, ನಾಲ್ಕು ಹಣ್ಣಾದರೂ ಸಿಗುತ್ತೆ" ಅಂದರು.

"ಇಲ್ಲದಿರುವುದೇ ನನಗೆ ಹೆದರಿಕೆ ಚಿಕ್ಕಪ್ಪ. ಬಂದವು ಎಲ್ಲಿಗೆ ಹೋದವು?" ಅಂದೆ.

ಅವರು ಪಕ್ಕದ ಗಿಡದ ಚಿಗುರು ಬಗ್ಗಿಸಿ ಕನ್ನಡಕದೊಳಗಿಂದ ನೋಡುತ್ತಾ ನಿಂತರು. ರೋಗಕ್ಕೆ ಮದ್ದಿಲ್ಲ, ಗಿಡ ಇರುವಷ್ಟು ದಿನ ವಾಸನೆ, ವಾಸನೆಗೆ ಹೊಸ ಹುಳ. ಕೊನೆಗೆ ಒಪ್ಪಿದರು. ಕೊಡಲಿ ಹಾಕುವ ಮೊದಲು ಆ ಗಿಡಕ್ಕೂ ಸುತ್ತಲಿನವಕ್ಕೂ ಔಷಧಿ ಹೊಡೆಯಬೇಕು. ಇಲ್ಲವಾದರೆ ಉಳಿದ ಹುಳಗಳನ್ನು ನಾವೇ ಎಬ್ಬಿಸಿ ಹಸಿರು ಗಿಡಗಳಿಗೆ ಕಳಿಸಿದಂತೆ. ನಾಳೆ ಮಳೆ ಬಾರದಿದ್ದರೆ ಬೆಳಿಗ್ಗೆಯೇ ಸ್ಪ್ರೇಯರ್ ಹೊರಡಿಸಬೇಕು.