ಕ್ಲಿಂಗಾನಿನ ಹಣೆಗೆ ಅಕ್ಕಿಹಿಟ್ಟು

"ಭಾರೀ ಲಾಯ್ಕ್ ಉಂಟು ಮಾರಾಯ್ರೆ, ಇದು ಮಂಗಳೂರಿನಲ್ಲಿ ತೆಗೆದದ್ದೆಂದು ಗೊತ್ತೇ ಆಗುವುದಿಲ್ಲ!"

ಕಳೆದ ಭಾನುವಾರ ನಮ್ಮ ಮನೆಯ ಹಿಂದಿನ ಗೋಡೆಯ ಮೇಲೆ ಅಳಿಯನ ಸಿನೆಮಾ ಮುಗಿದಾಗ ನೆರೆಮನೆಯವರೊಬ್ಬರು ಹೀಗೆಂದರು. ಹೊಗಳಿಕೆಯೇ. ಅಳಿಯ ಕಿವಿವರೆಗೆ ಬಾಯಿ ಮಾಡಿ ನಕ್ಕ. ನನಗೆ ಮಾತ್ರ ಬಂಗುಡೆಯ ಮುಳ್ಳು ಗಂಟಲಲ್ಲಿ ಅಡ್ಡ ನಿಂತ ಹಾಗಾಯಿತು. ನುಂಗಲು ಬರುವುದಿಲ್ಲ, ಉಗಿಯಲು ಮರ್ಯಾದೆಯಲ್ಲ.

ಅಳಿಯನೂ ಅವನ ನಾಲ್ವರು ಗೆಳೆಯರೂ 'ಸ್ಟಾರ್ ಟ್ರೆಕ್'ನ ಭಕ್ತರು. ಮೇ ತಿಂಗಳ ಬಿಸಿಲಿನಲ್ಲಿ ಮೂರು ವಾರ ಒದ್ದಾಡಿ ಹದಿನಾಲ್ಕು ನಿಮಿಷದ ಅಭಿಮಾನಿ ಸಿನೆಮಾ ಮಾಡಿದ್ದಾರೆ. ಹದಿನಾಲ್ಕೇ ಯಾಕೆ ಎಂದರೆ ಅದಕ್ಕೂ ಶಾಸ್ತ್ರ ಉಂಟು. 'ಆಕ್ಸನಾರ್' ಎಂಬ ಅಭಿಮಾನಿ ಸಿನೆಮಾದ ಮೇಲೆ 2015ರ ಕೊನೆಗೆ ಮೊಕದ್ದಮೆ ಹೂಡಿದ ಸ್ಟುಡಿಯೋದವರು ಮರುವರ್ಷ ಒಂದು ನಿಯಮಾವಳಿಯನ್ನೇ ಹೊರಡಿಸಿದರು. ಒಂದು ಕಂತು ಹದಿನೈದು ನಿಮಿಷ ಮೀರಬಾರದು, ಚಂದಾ ಎತ್ತಿದರೆ 50,000 ಡಾಲರ್ ದಾಟಬಾರದು. ಎರಡನೆಯದನ್ನು ಮುರಿಯುವ ಭಯ ನಮಗೆ ಇರಲಿಲ್ಲ. ನಮ್ಮ ಬಜೆಟ್ಟಿನ ದೊಡ್ಡ ಪಾಲು ಗೋಳಿಬಜೆಗೆ ಹೋಯಿತು.

ಸಿನೆಮಾದಲ್ಲಿ ಒಳ್ಳೆಯದಿಲ್ಲ ಎಂದಲ್ಲ. ಆಕಾಶನೌಕೆ ಇಳಿಯುವ ದೃಶ್ಯವಂತೂ ಎದ್ದು ನಿಂತು ಚಪ್ಪಾಳೆ ತಟ್ಟುವ ಹಾಗಿದೆ. ಬುತ್ತಿ ಕ್ಯಾರಿಯರಿನ ಮುಚ್ಚಳ, ಕೆಟ್ಟ ಮಿಕ್ಸಿಯ ಹೊಟ್ಟೆಯೊಳಗಿನ ಸಾಮಾನು, ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತಂದ ಚೂರುಪಾರು ಸೇರಿ ನೌಕೆಯಾಯಿತು. ಗೊಂಬೆ ಗೊಂಬೆಯಂತೆ ಕಾಣದಿರಲು ಅದರ ಚಲನೆಯನ್ನು ನಿಧಾನ ಮಾಡಬೇಕು. ಎಷ್ಟು ನಿಧಾನ ಎನ್ನುವುದಕ್ಕೆ ವರ್ಗಮೂಲದ ಲೆಕ್ಕವಿದೆ. ನಿಜದ 25ನೇ ಒಂದು ಪಾಲಿನ ಗೊಂಬೆಗೆ ಐದು ಪಟ್ಟು. ಸೆಕೆಂಡಿಗೆ 120 ಚಿತ್ರ ಹಿಡಿಯುವ ಮೊಬೈಲಿನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಸರಿಯಾಗಿ ಐದು ಪಟ್ಟು. ಇದನ್ನು ನಾನು ಹೇಳಿಕೊಡಲಿಲ್ಲ, ಹುಡುಗರೇ ಕಂಡುಕೊಂಡರು. ಧೂಳು ಏಳುವ ರೀತಿ ನೋಡಿ ನನಗೆ ರೋಮಾಂಚನವಾಯಿತು.

ಧ್ವನಿ ಮಾತ್ರ ಎಲ್ಲ ಅಭಿಮಾನಿ ಸಿನೆಮಾಗಳ ಹಾಗೆ ಪಾಪರ್. ಕಣ್ಣಿಗೆ ಸುರಿದ ಹಣದ ಹತ್ತರಲ್ಲೊಂದು ಪಾಲನ್ನೂ ಯಾರೂ ಕಿವಿಗೆ ಖರ್ಚು ಮಾಡುವುದಿಲ್ಲ. ಮನುಷ್ಯ ಕಾಲಿಡದ ಗ್ರಹದ ಮೇಲೆ ಕ್ಯಾಪ್ಟನ್ ಮೊದಲ ಹೆಜ್ಜೆ ಇಡುವಾಗ ಹಿಂದಿನಿಂದ ಮೀನಿನವನ ಬೈಕಿನ ಪೋಂ ಪೋಂ ಸ್ಪಷ್ಟವಾಗಿ ಕೇಳುತ್ತದೆ. ನಿಜ ಹೇಳಬೇಕೆಂದರೆ ಇಡೀ ಸಿನೆಮಾದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದೇ.

ಈಗ ಮುಳ್ಳಿನ ವಿಷಯಕ್ಕೆ ಬರುತ್ತೇನೆ. ಚಿತ್ರೀಕರಣ ನಡೆದದ್ದು ಮುಡಿಪಿನ ಕಡೆಯ ಕೆಂಪುಕಲ್ಲಿನ ಕೋರೆಯೊಂದರಲ್ಲಿ. ಯಂತ್ರದ ಗರಗಸ ಎಳೆದ ನೇರ ಗೆರೆಗಳು, ದೈತ್ಯರಿಗೆ ಕಟ್ಟಿದಂತಹ ಮೆಟ್ಟಿಲುಗಳು, ಸಂಜೆಯ ಬಿಸಿಲಿಗೆ ಕೆಂಡದಂತಾಗುವ ಗೋಡೆ. ಮಂಗಳ ಗ್ರಹ ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದ, ನಮ್ಮ ಮುರಕಲ್ಲು ಕೆಂಪಗಿರುವುದೂ ಅದರಿಂದಲೇ. ಬೇರೆ ಊರಿನ ಹುಡುಗರು ಸಾಲ ಮಾಡಿ ಕಟ್ಟಬೇಕಾದ ಸೆಟ್ಟು ನಮಗೆ ಬಸ್ಸಿನ ಟಿಕೆಟಿಗೆ ಸಿಕ್ಕಿದೆ. ಇವರು ಮಾಡಿದ್ದೇನು? ಕಂಪ್ಯೂಟರಿನಲ್ಲಿ ಕೂತು ಆ ಕೆಂಪನ್ನೆಲ್ಲ ತೊಳೆದು ನೀಲಿ-ಬೂದಿ ಬಣ್ಣ ಹಚ್ಚಿದ್ದಾರೆ! ಯಾಕೋ ಎಂದು ಕೇಳಿದರೆ, "ಕೆಂಪಿದ್ದರೆ ನಮ್ಮ ಊರಿನ ಹಾಗೆ ಕಾಣುತ್ತದೆ ಮಾವ" ಎಂಬ ಉತ್ತರ. ಕ್ಯಾಪ್ಟನ್ನನ ಅಂಗಿಯ ಕಂಕುಳಲ್ಲಿದ್ದ ಬೆವರನ್ನೂ ಅಳಿಸಿದ್ದಾರೆ. ಮೇ ತಿಂಗಳಲ್ಲಿ ಬೆವರದ ಮನುಷ್ಯನನ್ನು ಈ ಊರಿನಲ್ಲಿ ಯಾರು ನಂಬುತ್ತಾರೆ?

ಹಣೆಯದು ಇನ್ನೊಂದು ಜಗಳ. 'ಸ್ಟಾರ್ ಟ್ರೆಕ್'ನ ಅನ್ಯಗ್ರಹಜೀವಿಗಳಾದ ಕ್ಲಿಂಗಾನರು 1967ರಲ್ಲಿ ಮೊದಲು ಟಿವಿಯಲ್ಲಿ ಕಾಣಿಸಿಕೊಂಡಾಗ ಅವರ ಹಣೆ ನಮ್ಮ ನಿಮ್ಮಂತೆ ನುಣ್ಣಗಿತ್ತು. ಆ ಉಬ್ಬು ಏಣುಗಳು ಬಂದದ್ದು 1979ರ ಸಿನೆಮಾದಲ್ಲಿ, ಬಜೆಟ್ಟು ಬೆಳೆದ ಮೇಲೆ. ಹುಡುಗರು ಸಿಲಿಕೋನ್ ಮುಖವಾಡ ತರಿಸುವ ಯೋಚನೆಯಲ್ಲಿದ್ದರು. ನಾನು ಅಡ್ಡ ಬಂದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಎಬ್ಬಿಸುವ ಚುಟ್ಟಿ ನಮ್ಮ ಯಕ್ಷಗಾನದ ಬಣ್ಣದ ವೇಷದವರ ಕೈಯಲ್ಲಿರುವಾಗ ಸಿಲಿಕೋನ್ ಯಾಕೆ? ಚೌಕಿಯಲ್ಲಿ ನೋಡಿ ನೋಡಿ ಕಲಿತ ಅಲ್ಪ ವಿದ್ಯೆಯಿಂದ ಒಬ್ಬ ಹುಡುಗನ ಹಣೆಗೆ ನಾನೇ ಕೂತೆ. ಹಿಟ್ಟಿನ ಹದವೇ ಎಲ್ಲ. ತೆಳುವಾದರೆ ಹುಬ್ಬಿಗೆ ಇಳಿಯುತ್ತದೆ, ದಪ್ಪವಾದರೆ ಉದುರುತ್ತದೆ. ಒಂದು ಸಾಲು ಇಟ್ಟು, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು. ಕಡ್ಡಿಯನ್ನು ಎತ್ತುವಾಗ ಸಣ್ಣಗೆ ತಿರುವಿದರೆ ತುದಿ ಚೂಪಾಗುತ್ತದೆ. ಈ ತಿರುವು ಕೈಗೆ ಹತ್ತಲು ನನಗೆ ಎರಡು ದಿನ ಬೇಕಾಯಿತು, ಹತ್ತಿದ ಮೇಲೆ ಮನೆಯ ಹಿಟ್ಟಿನ ಡಬ್ಬ ಖಾಲಿಯಾಗುವವರೆಗೆ ನಿಲ್ಲಿಸಲಾಗಲಿಲ್ಲ. ಹುಡುಗನ ಹಣೆಗೆ ಮೂರು ಗಂಟೆ ಹಿಡಿಯಿತು. ಹುಡುಗ ನಗಬಾರದು, ಮಾತಾಡಬಾರದು, ಸೀನಬಾರದು. ಸಮುದ್ರದ ಗಾಳಿಗೆ ಹಿಟ್ಟು ಒಣಗಲೇ ಇಲ್ಲ, ಅಕ್ಕನ ಹೇರ್ ಡ್ರೈಯರ್ ತರಬೇಕಾಯಿತು. ಕ್ಲೋಸಪ್ಪಿನಲ್ಲಿ ಎಡಗಡೆ ಬಿರುಕು ಬಿಟ್ಟದ್ದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ದೀವಟಿಗೆಯ ಬೆಳಕಿನಲ್ಲಿ ಆ ಮುಖ ಒಮ್ಮೆ ತಿರುಗಿತು ನೋಡಿ, ಕ್ಯಾಮೆರಾ ಹಿಡಿದವನು ಎರಡು ಹೆಜ್ಜೆ ಹಿಂದೆ ಸರಿದ.

ಆ ಶಾಟ್ ಸಿನೆಮಾದಲ್ಲಿ ಇಲ್ಲ. "ಕ್ಲಿಂಗಾನ್ ಹಾಗಿರುವುದಿಲ್ಲ" ಎಂದು ಗುಂಪಿನ ಪಂಡಿತನೊಬ್ಬ ತೀರ್ಪು ಕೊಟ್ಟನಂತೆ. ಮೂರನೇ ವಾರ ಸಿಲಿಕೋನೇ ಬಂತು. ಇದೇ ಪಂಡಿತ ಕ್ಲಿಂಗಾನ್ ಭಾಷೆಯ ಹತ್ತು ವಾಕ್ಯ ಬಾಯಿಪಾಠ ಮಾಡಿದ್ದಾನೆ. ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿ ಆ ನುಡಿಯನ್ನು ಕಟ್ಟಿ 1985ರಲ್ಲಿ ನಿಘಂಟು ಹೊರತಂದ. ಸಂತೋಷ. ಮ್ಯಾನರ್ ಪಾದ್ರಿಯ ತುಳು ನಿಘಂಟು ಇದೇ ಊರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು 1886ರಲ್ಲಿ, ಕ್ಲಿಂಗಾನಿಗಿಂತ ತೊಂಬತ್ತೊಂಬತ್ತು ವರ್ಷ ಮೊದಲು. ಪಂಡಿತನಿಗೆ ಅಜ್ಜಿಯ ತುಳು ಅರ್ಧ ಅರ್ಥವಾಗುತ್ತದೆ. ಕ್ಲಿಂಗಾನರು ತುಳುವಿನಲ್ಲೇ ಬೈಯಲಿ, ಬೈಗುಳಕ್ಕೆ ಅದಕ್ಕಿಂತ ಗಟ್ಟಿ ಭಾಷೆ ಯಾವ ನಕ್ಷತ್ರದಲ್ಲೂ ಇಲ್ಲ ಎಂದು ನಾನೆಂದಾಗ ನಕ್ಕರು. ತಮಾಷೆ ಎಂದುಕೊಂಡರು. ನಾನು ತಮಾಷೆ ಮಾಡುತ್ತಿರಲಿಲ್ಲ.

ಮಾಲೆಗಾಂವಿನಲ್ಲಿ ತನ್ನದೇ ಸೂಪರ್‌ಮ್ಯಾನ್ ಸಿನೆಮಾ ತೆಗೆದ ನಾಸಿರ್ ಶೇಖ್ ಇವರ ಹಾಗೆ ಊರಿಗೆ ನಾಚಿಕೊಳ್ಳಲಿಲ್ಲ. ಅವರ ಸೂಪರ್‌ಮ್ಯಾನ್ ಮಗ್ಗದ ಊರಿನ ಸಣಕಲು ಮನುಷ್ಯ. ಆ ಸಿನೆಮಾ ಮಾಡಿದ ಕತೆಯನ್ನು ಫೈಜಾ ಅಹ್ಮದ್ ಖಾನ್ 'ಸೂಪರ್‌ಮೆನ್ ಆಫ್ ಮಾಲೆಗಾಂವ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಅಮೆರಿಕದಲ್ಲೂ 1978ರಲ್ಲಿ 'ಹಾರ್ಡ್‌ವೇರ್ ವಾರ್ಸ್' ಮಾಡಿದವರು ಇಸ್ತ್ರಿಪೆಟ್ಟಿಗೆಯನ್ನು ಇಸ್ತ್ರಿಪೆಟ್ಟಿಗೆಯಾಗಿಯೇ ಆಕಾಶದಲ್ಲಿ ಹಾರಿಸಿದರು. ಯಾರೂ ಅದಕ್ಕೆ ನೀಲಿ ಬಣ್ಣ ಬಳಿಯಲಿಲ್ಲ.

ನಾನು ಕಂಡ ಮೊದಲ ಅನ್ಯಗ್ರಹಜೀವಿ ಯಾವುದೆಂದು ನನಗೆ ಚೆನ್ನಾಗಿ ನೆನಪಿದೆ. ಕಟೀಲು ಮೇಳದ 'ದೇವಿ ಮಹಾತ್ಮೆ', ಗದ್ದೆಯಲ್ಲಿ ಬಯಲಾಟ. ಚಾಪೆಯ ಮೇಲೆ ನಿದ್ದೆ ಹೋಗಿದ್ದೆ. ಯಾರೋ ತಟ್ಟಿ ಎಬ್ಬಿಸಿದರು. ರಂಗಸ್ಥಳ ಖಾಲಿ, ಜನ ಎಲ್ಲ ಹಿಂದಕ್ಕೆ ತಿರುಗಿ ನೋಡುತ್ತಿದ್ದಾರೆ. ದೂರದ ಕತ್ತಲೆಯಲ್ಲಿ ದೊಂದಿಗೆ ಎಸೆದ ರಾಳ ಭಗ್ಗೆಂದು ಉರಿಯಿತು, ಆ ಉರಿಯೊಳಗೆ ಎರಡು ಕೊಂಬು ಕಂಡವು. ಮತ್ತೆ ಕತ್ತಲೆ. ಮತ್ತೆ ಉರಿ, ಈ ಸಲ ಹತ್ತಿರ. ಮಹಿಷಾಸುರ ನಮ್ಮ ಚಾಪೆಗಳ ನಡುವಿನಿಂದಲೇ ನಡೆದು ಬಂದ. ಅವನ ಗೆಜ್ಜೆ ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಅಪ್ಪನ ಶಾಲಿನೊಳಗೆ ತಲೆ ತೂರಿಸಿದವನು ಬೆಳಗಿನವರೆಗೆ ಹೊರಗೆ ತೆಗೆಯಲಿಲ್ಲ.

ಇದನ್ನು ಮೊನ್ನೆ ಅಳಿಯನಿಗೆ ಹೇಳಿದೆ. ಕೆಂಪು ಬಣ್ಣದ ಬಗ್ಗೆ, ತುಳುವಿನ ಬಗ್ಗೆ ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಮೊಬೈಲು ತಿರುಗಿಸುತ್ತಾ ಕೂತಿದ್ದು, "ಮಾವ, ಆ ರಾಳ ಎಲ್ಲಿ ಸಿಗುತ್ತದೆ? ನೌಕೆಯ ಹಿಂದಿನಿಂದ ಬೆಂಕಿ ಬರಬೇಕು" ಎಂದ.

ರಥಬೀದಿಯ ಗ್ರಂದಿಗೆ ಅಂಗಡಿಯಲ್ಲಿ ಕೇಳಿ ನೋಡು ಎಂದಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.